ಕೈ ಮುಂದು, ಬಾಯಿ ಹಿಂದು

ರಾಜೇಶ್ವರಿ ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಇಂದುಬಾಯಿ ಕೇಳಿದರು, "ಸಂತ್ಯಾಗ ಏನ ತರೂದು ಮರತೀವಿ?"

ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳು ತಾವಾಗಿಯೇ ಎದ್ದು ಗಾಳಿಯಲ್ಲಿ ಜರಡಿ ಹಿಡಿದವು. ಆಮೇಲೆ ಬಾಯಿ ಹೇಳಿತು, "ಸಾಣಿಗಿ, ಅತ್ತಿ."

ಅಷ್ಟರಲ್ಲಿ ಅತ್ತೆಯ ಸೀರೆಯ ಮೇಲೆ ಹಿಟ್ಟು ಉದುರಿತ್ತು.

"ದೇವರು ನಾಲಗಿ ಕೊಟ್ಟದ್ದು ಉಪ್ಪಿನಕಾಯಿ ನೆಕ್ಕಾಕ ಅಷ್ಟ ಏನ?"

ರಾಜೇಶ್ವರಿಯ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸದು. ಝಳಕಿಯ ಆ ಮನೆಯಲ್ಲಿ ಮುದ್ದು, ಬೈಗುಳ, ಊರ ಚಾಡಿ ಎಲ್ಲವೂ ಕೈಯಲ್ಲೇ. ಕನ್ನಡ ಅವಳಿಗೆ ಓಣಿಯಿಂದ ಬಂದದ್ದು. ಎರಡು ಭಾಷೆ ಬಲ್ಲ ಉಳಿದವರು ಒಂದನ್ನು ನುಂಗಿ ಇನ್ನೊಂದನ್ನು ಆಡಬೇಕು. ಅವಳಿಗೆ ನುಂಗುವ ಕಷ್ಟವಿಲ್ಲ. ಕಿವಿಗೆ ನೀರು ಎಂದು ಬಿದ್ದರೆ ಬೆರಳೂ ನೀರು ಎನ್ನುತ್ತದೆ. ಈ ಸೌಭಾಗ್ಯಕ್ಕೆ ಸಿಂದಗಿಯ ಗಂಡನ ಮನೆಯವರು ಇಟ್ಟ ಹೆಸರು 'ಚಟ'.

ಹೊಸ್ತಿಲಲ್ಲಿ ಕೂತಿದ್ದ ಒಂದೂವರೆ ವರ್ಷದ ಮಗಳು ಮುಷ್ಟಿ ಬಿಚ್ಚಿ ಮುಚ್ಚಿದಳು. ಹಾಲು ಬೇಕು.

"ಅಯ್ಯ, ಕೂಸೂ ಮೂಕಿ ಆತು!"

ಹಾಲು ತಡವಾಗಿ ಮೂಕಿ ಅರಚಿದ್ದು ಓಣಿಯ ಕೊನೆಯವರೆಗೂ ಕೇಳಿಸಿತು. ಇಂದುಬಾಯಿಗೆ ಮಾತ್ರ ಕೇಳಿಸಲಿಲ್ಲ.

ಗಂಡ ಚೇತನಕುಮಾರ ಸಾಲಿ ಮಾಸ್ತರ. ತೀರ್ಪು ಕೊಡುವ ರೂಢಿಯಿತ್ತು. "ಎರಡ ಭಾಷಾ ಕೂಡೇ ಕಲಿಸಿದ್ರ ಗೊಂದಲ ಆಗತೈತಿ. ಇನ್ನ ಮ್ಯಾಲೆ ಕೈ ಬಂದ್. ಸಾಲಿಗೆ ಹಚ್ಚೂತನಕ ಝಳಕಿಗೂ ಒಯ್ಯಬ್ಯಾಡ."

"ಮುಂದ ನಮ್ಮವ್ವನ ಕೂಡ ಹೆಂಗ ಮಾತಾಡತಾಳ್ರಿ?"

"ದೊಡ್ಡಾಕಿ ಆದಮ್ಯಾಲೆ ಬರದ ತೋರಸ್ತಾಳ."

ಅವಳ ತಾಯಿಗೆ ಓದು ಬಾರದು. ಅದು ಮಾಸ್ತರರಿಗೂ ಗೊತ್ತಿತ್ತು.

ಗೊಂದಲ ಪರಿಹರಿಸಿದ ಅವನು ಮಗಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಚ್ಚಿದ. ಪರದೆಯ ಹುಡುಗಿ ಬೆರಳು ಮಿಟುಕಿಸಿ ನಕ್ಷತ್ರ ತೋರಿಸಿದಳು, ಕೂಸೂ ಮಿಟುಕಿಸಿತು. ಇಂದುಬಾಯಿ ದೃಷ್ಟಿ ತೆಗೆದರು. ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ಲಾಲಬಿ ಬಾಗಿಲಲ್ಲೇ ನಿಂತಳು.

"ಇದೂ ಕೈನ ಅಲ್ರಿ, ಬಾಯಾರ?"

"ಇದು ಆ್ಯಕ್ಷನ್. ಸಾಲ್ಯಾಗ ಕಲಸ್ತಾರ," ಎಂದರು ಇಂದುಬಾಯಿ.

"ಹಂಗನ್ರಿ. ಫೀ ಕಟ್ಟಿ ಕಲತ್ರ ಆ್ಯಕ್ಷನ್, ಪುಕ್ಕಟ ಕಲತ್ರ ಮೂಕತನ!"

ಎಲ್ಲರೂ ನಕ್ಕರು. ರಾಜೇಶ್ವರಿಯೂ ನಕ್ಕಳು. ನಗಲು ಕೈ ಬೇಕಿರಲಿಲ್ಲ.

ಕೂಸು ಮೊಬೈಲು ಬಿಟ್ಟು ಅವಳ ಬಳಿಗೆ ಪುಟ್ಟ ಹೆಜ್ಜೆಯಿಟ್ಟು ಬಂತು. ಮೂಗಿನ ಎಡಕ್ಕೆ ಬೆರಳು ಮುಟ್ಟಿಸಿತು. ಅಲ್ಲಿ ಮೂಗುತಿ ಇರುವವಳು ಝಳಕಿಯ ಅಜ್ಜಿ. ಆಮೇಲೆ ಅಂಗೈ ಅಗಲಿಸಿತು: ಎಲ್ಲಿ?

ರಾಜೇಶ್ವರಿ ಕೈಗಳನ್ನು ಮಡಿಲಲ್ಲಿ ಅದುಮಿಕೊಂಡು ಬಾಯಲ್ಲಿ ಹೇಳಿದಳು, "ಅಜ್ಜಿ ಮನ್ಯಾಗ ಅದಾಳವ್ವ."

ಕೂಸು ಅವಳ ಬಾಯಿ ನೋಡಲಿಲ್ಲ. ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತ ಕಾಯಿತು. ತಾಯಿ ಏನೂ ಹೇಳಿಯೇ ಇಲ್ಲ ಎಂಬಂತೆ ಕಾಯಿತು.

"ಅತ್ತಿ," ಎಂದಳು ರಾಜೇಶ್ವರಿ, "ನೀರ ಎರಿಯಾಕ ಬರೂ ಹುಲಿಗೆವ್ವಗ ಬ್ಯಾಡ ಅಂತ ಹೇಳ್ರಿ. ನಾಳಿಂದ ಕೂಸಿಗೆ ನಾನ ಎರಿತೇನಿ."

"ಈಗ ಬುದ್ಧಿ ಬಂತ ನೋಡ."

ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ನೀರು ಸುರಿಯುವ ಸದ್ದಿನಲ್ಲಿ ಒಳಗಿನ ಮೌನ ಯಾರಿಗೂ ಗೊತ್ತಾಗದು. ದಿನಕ್ಕೆ ನಾಲ್ಕು ಮಾತು ಕಲಿಸಿದರೂ ಸಾಲಿಗೆ ಹಚ್ಚುವ ಹೊತ್ತಿಗೆ ಅಜ್ಜಿಯೊಡನೆ ಜಗಳವಾಡುವಷ್ಟಾದರೂ ಆಗುತ್ತದೆ. ಇದಿಷ್ಟನ್ನು ಅವಳು ಬಾಯಿಗೂ ಹೇಳಲಿಲ್ಲ, ಕೈಗೂ ಹೇಳಲಿಲ್ಲ.