ಬಿಂದು ಕಂಡ ಸಿರುಗುಪ್ಪ

ದಸರಾ ರಜೆ ಮುಗಿಯಲು ಮೂರೇ ದಿನ ಉಳಿದಿದ್ದವು. ಕೌಲ್ ಬಜಾರಿನಲ್ಲಿ ಬ್ಲೌಸ್ ಹೊಲಿಯುವ ಗಂಗೋತ್ರಿ ಅಂದು ಮಷೀನಿಗೆ ಬಟ್ಟೆ ಮುಚ್ಚಿ, ಮಕ್ಕಳಿಬ್ಬರನ್ನೂ ಕರೆದುಕೊಂಡು ಕುರುಗೋಡಿಗೆ ಹೊರಟಳು. ಹೆಂಗಸಾದ್ದರಿಂದ ಅವಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಐದು ವರ್ಷದ ಬಿಂದುವಿಗೂ ಟಿಕೆಟ್ ಇಲ್ಲ. ಮಗ ಶರಣನಿಗಷ್ಟೇ ಅರ್ಧ ಟಿಕೆಟ್. ಅಲ್ಲಿನ ಗುಡಿಯ ದೊಡ್ಡ ಕಲ್ಲಿನ ಬಸವಣ್ಣನನ್ನು ನೋಡಲು ಯಾರೂ ಕಾಸು ಕೇಳುವುದಿಲ್ಲ.

ಕುರುಗೋಡಿನಲ್ಲಿ ಇಳಿದು, ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು ತಿರುಗಿ ನೋಡಿದರೆ ಮಗಳಿಲ್ಲ.

“ಗೊಂಬಿ ಬಸ್ಸಿನ್ಯಾಗ ಬಿಟ್ಟೀನಿ ಅಂತ ಮತ್ತ ಹತ್ತಿದ್ಲವ್ವಾ,” ಎಂದ ಶರಣ.

ಬಸ್ಸು ಆಗಲೇ ಸಿರುಗುಪ್ಪದ ದಾರಿ ಹಿಡಿದಿತ್ತು. ಯಾರನ್ನು ಕೇಳಬೇಕೆಂದು ತಿಳಿಯದೆ ಗಂಗೋತ್ರಿ ಓಡಾಡುತ್ತಿದ್ದಾಗ ಫೋನು ಬಂತು.

“ಅಕ್ಕಾ, ನಾನು ಬಸ್ ಕಂಡಕ್ಟರ್. ನಿಮ್ಮ ಮಗಳು ನಂಬರ್ ಬಾಯಿಪಾಠ ಹೇಳಿದ್ಲು. ನನ್ನ ಬಾಜೂಕ ಕುಂತಾಳ, ಗಾಬರಿ ಆಗಬ್ಯಾಡ್ರಿ. ಹಿಂದ ಬರೋ ಬಸ್ಸಿಗೆ ಸಿರುಗುಪ್ಪಕ್ಕ ಬರ್ರಿ, ನೀವು ಬರೋತನ ಅಲ್ಲೇ ಇರ್ತೀನಿ.”

ದಾರಿಯುದ್ದಕ್ಕೂ ಗಂಗೋತ್ರಿ ಶರಣನ ಕೈ ಬಿಡಲಿಲ್ಲ. ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಬಿಂದು ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಡಕ್ಟರಮ್ಮನ ಪಕ್ಕ ಕಾಲಾಡಿಸುತ್ತ ಬಿಸ್ಕತ್ತು ತಿನ್ನುತ್ತಿದ್ದಳು. ಬೈಯಲೆಂದು ಬಾಯಿ ತೆರೆದ ಗಂಗೋತ್ರಿ ಮಗಳನ್ನು ಅವಚಿಕೊಂಡು ಅತ್ತುಬಿಟ್ಟಳು.

“ಅಳಬ್ಯಾಡವ್ವಾ. ನಾ ಕಿಡಕಿ ಸೀಟಿನ್ಯಾಗ ಬಂದೆ,” ಎಂದಳು ಬಿಂದು.

ಕಂಡಕ್ಟರಮ್ಮ ನಕ್ಕರು. “ಬಸವಣ್ಣ ಎಲ್ಲಿಗೂ ಹೋಗಂಗಿಲ್ಲಕ್ಕಾ, ನಾಳೆ ನೋಡೀರಂತ. ಮೊದ್ಲು ಉಣ್ರಿ.”

ಬೇವಿನ ಮರದ ನೆರಳಲ್ಲಿ ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ಕಂಡಕ್ಟರಮ್ಮನಿಗೂ ಒಂದು ರೊಟ್ಟಿ ಕೊಟ್ಟು, ಗಂಗೋತ್ರಿ ಮಕ್ಕಳಿಬ್ಬರನ್ನೂ ಎಡಬಲಕ್ಕೆ ಕೂರಿಸಿಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.