ದೇಶನೂರಿನ ಸೈಕಲ್ಲು

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಕುತ್ತಿಗೆ ಮತ್ತೆ ವಾಲಿತ್ತು. ಚನ್ನವೀರಮ್ಮ ಗೂಟಕ್ಕೆ ಕಟ್ಟಿದ್ದ ಬಿಳಿವಸ್ತ್ರವನ್ನು ಬಿಗಿದು, ತಲೆ ನೆಟ್ಟಗೆ ನಿಲ್ಲಿಸಿ, ಹಣೆಯ ವಿಭೂತಿ ಸರಿಮಾಡಿದಳು. ಕುರುಗೋಡಿನ ಸೈಕಲ್ ಮರಿಬಸಪ್ಪ ಎಂದರೆ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಹಳೇ ಸೈಕಲ್ಲಿನ ಹುಚ್ಚು ಹಿಡಿದವರಿಗೆಲ್ಲ ಗೊತ್ತು. ಹಳ್ಳಿಯ ಅಟ್ಟ, ದನದ ಕೊಟ್ಟಿಗೆಗಳಿಂದ ತುಕ್ಕು ಹಿಡಿದವನ್ನು ಹೊರಗೆಳೆದು, ಮದುಮಗನ ಹಾಗೆ ಸಿಂಗರಿಸಿ, ಷೋಕಿಯವರಿಗೆ ಮಾರಿ ಬದುಕಿದ ಮನುಷ್ಯ. ಈಗ ಅವನೇ ಹೆಣವಾಗಿ ಸಿಂಗಾರಗೊಂಡು ಕೂತಿದ್ದ. ಭಜನೆಯವರು ತಾಳ ಹಾಕುತ್ತಿದ್ದರು.

ಚನ್ನವೀರಮ್ಮನಿಗೆ ಅಳು ಬಂದಿರಲಿಲ್ಲ. ಬರುವುದಾದರೂ ಹೇಗೆ? ಹಾರದೊಳಗೆ ಕೂತವನು ತನ್ನ ಗಂಡನೇ ಎಂಬ ನಂಬಿಕೆಯೇ ಅವಳಿಗಿರಲಿಲ್ಲ. ಮಣ್ಣು ಮಾಡುವುದರೊಳಗೆ ತನ್ನವನು ತನಗೆ ಒಮ್ಮೆ ಸಿಗಬೇಕು, ಅಷ್ಟೇ ಅವಳ ಹಂಬಲ. ಅದಕ್ಕೇ ಬೆಳಗ್ಗೆ ದೇಶನೂರಿಗೆ ಹೇಳಿ ಕಳಿಸಿದ್ದಳು.

"ಅಮ್ಮಾ, ಇಂಥಾ ಹೊತ್ತಿನ್ಯಾಗ ಕೇಳಬಾರದು," ಎನ್ನುತ್ತ ಅರುಣಾ ಪಕ್ಕಕ್ಕೆ ಬಂದು ಕೂತಳು. ಬಳ್ಳಾರಿ ಕಂಟೋನ್ಮೆಂಟಿನ ಹಲ್ಲಿನ ಡಾಕ್ಟರು. ಬಂಗಲೆ ತುಂಬ ಹಳೇ ಸೈಕಲ್ಲು. "ಆ ದೇಶನೂರಿನ ರ‍್ಯಾಲಿ ಸೈಕಲ್ ನನಗಂತ ಮಾತಾಗಿತ್ತು. ಬ್ಯಾರೆಯವ್ರಿಗೆ ಕೊಡಬ್ಯಾಡ್ರಿ."

"ನಿಮಗಂತ ಅವಸರ ಮಾಡಿದ್ದಕ್ಕ ಇಷ್ಟೆಲ್ಲ ಆಗಿದ್ದು ತಾಯಿ," ಎಂದಳು ಚನ್ನವೀರಮ್ಮ. ಅರುಣಾಗೆ ಏನೊಂದೂ ತಿಳಿಯಲಿಲ್ಲ.

* * *

ಸತ್ತವರ ಸೈಕಲ್ಲು ಕೊಂಡರೆ ಮರಿಬಸಪ್ಪ ಆ ಊರ ಸೀಮೆ ದಾಟುವ ತನಕ ಹತ್ತುತ್ತಿರಲಿಲ್ಲ. ತಳ್ಳಿಕೊಂಡೇ ಬರುತ್ತಿದ್ದ. ಸೀಮೆಯಲ್ಲಿ ನಿಂತು, ಹಿಂದಿನ ಕ್ಯಾರಿಯರ್ ಕಡೆ ತಿರುಗಿ, "ಇಳೀರಿ ಯಜಮಾನ್ರ, ನಿಮ್ಮ ಊರು ಮುಗೀತು" ಎಂದು ಕೈಮುಗಿದ ಮೇಲೆಯೇ ಪೆಡಲ್ ತುಳಿಯುವುದು. "ಜೀವ ಹೋದ್ರೂ ಗಾಡಿ ಆಸೆ ಹೋಗಂಗಿಲ್ಲ ಚೆನ್ನಿ" ಎನ್ನುತ್ತಿದ್ದ. ಅವಳನ್ನು ಚೆನ್ನಿ ಎಂದು ಕರೆಯುವವನು ಈ ಭೂಮಿಯ ಮೇಲೆ ಅವನೊಬ್ಬನೇ.

ಕಳೆದ ದಸರೆಯ ಮುಂದೆ ದೇಶನೂರಿನಲ್ಲಿ ಸುಂಕಪ್ಪ ಎಂಬ ರೈತ ತೀರಿಕೊಂಡ. ಅವನ ಸೈಕಲ್ಲಿಗೆ ಮತ್ತೊಬ್ಬ ಷೋಕಿಯವನು ಹೊರಟಿದ್ದಾನೆಂದು ಅರುಣಾ ಫೋನ್ ಮಾಡಿದ್ದೇ ತಡ, ಮರಿಬಸಪ್ಪ ಓಡಿದ. ಬುದ್ಧಿಗೆ ಏನು ಮಂಕು ಕವಿದಿತ್ತೋ, ಕೊಂಡವನೇ ಸುಂಕಪ್ಪನ ಹೊಸ್ತಿಲ ಮುಂದೆಯೇ ಹತ್ತಿ ತುಳಿದುಬಿಟ್ಟ. ಸಿರುಗುಪ್ಪದಲ್ಲಿ ಅದನ್ನು ಬಸ್ಸಿನ ಮೇಲೇರಿಸಿ ಮನೆಗೆ ಫೋನ್ ಮಾಡಿದ್ದ: "ಚೆನ್ನಿ, ಗಡಿಬಿಡ್ಯಾಗ ಹತ್ತಿಬಿಟ್ಟೆ ನೋಡು. ಅವರನ್ನ ಇಳಿಸಲೇ ಇಲ್ಲ." ಚೆನ್ನಿ ಎಂದು ಕರೆದದ್ದು ಅದೇ ಕೊನೆ.

ಮನೆಗೆ ಬಂದವನು, "ಪಾರಿ, ನೀರು ಕೊಡು" ಎಂದ.

"ಯಾವಾಕಿರಿ ಅಕಿ ಪಾರಿ?" ಎಂದು ಚನ್ನವೀರಮ್ಮ ನಕ್ಕಿದ್ದಳು. ಅವನು ನಗಲಿಲ್ಲ. ತಂಬಾಕು ಮುಟ್ಟದವನು ತಂಬಾಕು ಹಾಕತೊಡಗಿದ. ಒಂದು ಅಂಗೈ ಹೊಲವಿಲ್ಲದವನು ನಿದ್ದೆಯಲ್ಲಿ ಕಾಲುವೆ ನೀರಿಗೆ ಜಗಳಾಡಿದ. ಆ ಸೈಕಲ್ಲನ್ನು ಮಾತ್ರ ಒರೆಸಲಿಲ್ಲ, ಮಾರಲಿಲ್ಲ. "ಶೆಡ್ಡಿನ ಕಡಿ ಹೋಗಬ್ಯಾಡ ಪಾರಿ. ಅದರ ಮ್ಯಾಲ ಯಾರೋ ಕುಂತಾರ" ಎನ್ನುತ್ತಿದ್ದ. ಅವಳು ಹೆದರಿ ಆ ಕಡೆ ಸುಳಿಯಲೇ ಇಲ್ಲ.

* * *

ಸುಂಕಪ್ಪನ ಹೆಂಡತಿ ಪಾರಮ್ಮ ಬಂದಿಳಿದಾಗ ಹೊರಗೆ ಹೆಣ ಕೂರಿಸಿ ಹೊರುವ ವಿಮಾನಕ್ಕೆ ಹೂ ಕಟ್ಟುತ್ತಿದ್ದರು. ಚನ್ನವೀರಮ್ಮ ಅವಳ ಕೈಹಿಡಿದು ಶೆಡ್ಡಿನ ಬಾಗಿಲವರೆಗೆ ಕರೆದೊಯ್ದಳು.

"ಅವ್ವಾ, ನಿಮ್ಮವರು ಈ ಸೈಕಲ್ ಸಂಗಾಟ ಬಂದು ನಮ್ಮವರ ಮೈಯಾಗ ಕುಂತ್ರು. ಇದನ್ನ ಒಯ್ದುಬಿಡ್ರಿ, ಅವರೂ ಬರ್ತಾರ. ನಮ್ಮವರು ನನಗ ಸಿಗ್ಲಿ."

ಪಾರಮ್ಮ ಇದೇನು ಹುಚ್ಚು ಎನ್ನಲಿಲ್ಲ. "ಸತ್ತ ಮ್ಯಾಲ ಒಮ್ಮೆನೂ ಕನಸಿನ್ಯಾಗ ಬಂದಿಲ್ಲರಿ. ಎಲ್ಲಿ ಹೋದ್ರಪ್ಪಾ ಅಂತಿದ್ದೆ," ಎಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ ಹ್ಯಾಂಡಲ್ ಹಿಡಿದಳು.

ಖಾಲಿ ಸೈಕಲ್ಲು, ಆದರೂ ಏದುಸಿರು ಬಿಡುತ್ತ ತಳ್ಳಿದಳು. ಅಂಗಳ ದಾಟಿ ಬೀದಿಗಿಳಿದದ್ದೇ ಗಕ್ಕನೆ ನಿಂತು ಹಿಂದಕ್ಕೆ ನೋಡಿದಳು.

"ಅಕ್ಕಾರ, ಚೆನ್ನಿ ಅಂದ್ರ ಯಾರ್ರಿ?"

ಚನ್ನವೀರಮ್ಮ ಬೀದಿಗಿಳಿದು ಹತ್ತಿರ ಬಂದಳು. "ಯಾಕವ್ವಾ?"

"ಹಿಂದ ಕುಂತು ಕರಿಯಾಕತ್ಯಾರ. ನಮ್ಮವರ ದನಿ ಅಲ್ಲರಿ ಇದು."

ಚನ್ನವೀರಮ್ಮ ಕ್ಯಾರಿಯರ್ ಮುಟ್ಟಿದಳು. ಇಷ್ಟು ದಿನ ನೆರಳಲ್ಲಿದ್ದ ಕಬ್ಬಿಣ ಬೆಚ್ಚಗಿತ್ತು. ಅಯ್ಯೋ ಶಿವನೇ! ಒಳಗೆ ಹಾರ ಹಾಕಿಸಿಕೊಂಡು ಕೂತವನು ಸುಂಕಪ್ಪ. ಅವನು ಮೈ ಕಸಿದುಕೊಂಡಾಗ ತನ್ನವನು ಹೋಗಲು ಜಾಗವಿಲ್ಲದೆ ಇಲ್ಲೇ ಉಳಿದಿದ್ದಾನೆ. ತಗಡಿನ ಕೆಳಗೆ ಒಬ್ಬನೇ ಕೂತು ಎಷ್ಟು ಸಲ ಕರೆದನೋ. ಈಗ ತಾನೇ ಕೈಯಾರೆ ಅವನನ್ನು ಪರರ ಮನೆಗೆ ಕಳಿಸುತ್ತಿದ್ದಳು. ಅಳು ಬಂತು, ತಡೆಯಲಾರದಷ್ಟು ಬಂತು.

ಅಷ್ಟರಲ್ಲಿ ವಿಮಾನ ಎತ್ತಿದರು. "ಚನ್ನವೀರಮ್ಮಾ, ಬರ್ರಿ, ಹೊತ್ತಾತು!" ಎಂದು ಅಯ್ಯನವರು ಕೂಗಿದರು.

ಅವಳು ಪಾರಮ್ಮನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡಳು. "ನಿಮ್ಮವರು ಅಲ್ಲಿ ಹೊಂಟಾರ ನೋಡ್ರಿ. ನೀವು ಹೋಗ್ರಿ ಅವರ ಹಿಂದ."

ಪಾರಮ್ಮ ಬಾಯಿಗೆ ಸೆರಗು ಹಚ್ಚಿ ವಿಮಾನದ ಹಿಂದೆ ನಡೆದಳು. ತಾಳ, ಜನ, ಹೂವು ಎಲ್ಲ ಊರ ಸೀಮೆಯ ಕಡೆ ಹೊರಟಿತು. ಚನ್ನವೀರಮ್ಮ ಅದಕ್ಕೆ ಬೆನ್ನು ಮಾಡಿ, ಊರೊಳಗಿನ ಓಣಿಗೆ ಸೈಕಲ್ ತಿರುಗಿಸಿದಳು.

"ಗಟ್ಟಿ ಹಿಡ್ಕೊಂಡು ಕುಂದರ್ರಿ," ಎಂದಳು ಮೆಲ್ಲಗೆ. "ಮುಂದ ಗಟಾರ ಐತಿ."