ಒರೆಸಪ್ಪನ ಮಗಳ ಮುಖ

ಅವನ ಸ್ಟುಡಿಯೋಗೆ ದೊಡ್ಡ ಬೋರ್ಡಿತ್ತು, ಬೋರ್ಡಿನ ಮೇಲೆ ಹೆಸರೂ ಇತ್ತು. ಜನ ಮಾತ್ರ ಕರೆಯುತ್ತಿದ್ದದ್ದು ಒರೆಸಪ್ಪನ ಅಂಗಡಿ ಅಂತ. ಫೋಟೋ ತೆಗೆದು ಕಂಪ್ಯೂಟರಿನ ಮುಂದೆ ಕೂತನೆಂದರೆ ಮುಖದ ಮೇಲಿನ ಕಲೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಮಂಗಮಾಯ. ಆ ಕೆಲಸಕ್ಕೆ ಬೇರೆಯವರು ಏನೇನೋ ಇಂಗ್ಲಿಷ್ ಹೆಸರು ಹೇಳಿಕೊಳ್ಳಲಿ, ಅವನ ಬಾಯಲ್ಲಿ ಅದು 'ಒರೆಸೋದು'. "ಕೂತ್ಕೊಳ್ಳಿ, ಸ್ವಲ್ಪ ಒರೆಸಿ ಕೊಡ್ತೀನಿ" ಎಂದರೆ ಮದುವೆ ಹೆಣ್ಣುಗಳಿಗೆ ಅರ್ಧ ಜೀವ ಬಂದಹಾಗಾಗುತ್ತಿತ್ತು. ಅವನನ್ನು ಕಂಡರಾಗದವರು, ಇವನ ಉದ್ಯೋಗವೇ ಜನರ ಕಣ್ಣೊರೆಸೋದು ಎಂದು ಆಡಿಕೊಳ್ಳುತ್ತಿದ್ದರು. ಅದನ್ನೂ ಹೊಗಳಿಕೆ ಅಂದುಕೊಳ್ಳುವಷ್ಟು ಹಮ್ಮು ಅವನಿಗಿತ್ತು.

ಇಂಥವನ ಒಬ್ಬಳೇ ಮಗಳ ಮುಖದಲ್ಲಿ ಮೊಡವೆ ಎದ್ದವು. ಮೊದಲು ಮೂಗಿನ ಅಂಚಿನಲ್ಲಿ ಎಳ್ಳಿನಂಥ ಕಪ್ಪು ಚುಕ್ಕೆ, ಹಣೆಯ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ. "ವಯಸ್ಸು ಕಣೇ, ತಾನಾಗಿ ಹೋಗುತ್ತೆ" ಎಂದು ನಕ್ಕ. ಆಮೇಲೆ ಗುಳ್ಳೆಗಳು ಕೆಂಪಾಗಿ ಕೀವು ತುಂಬಿಕೊಂಡವು. ಕರಿದದ್ದು ತಿನ್ನಬೇಡ, ಮುಖಕ್ಕೆ ಕೂದಲು ತಾಗಿಸಬೇಡ, ಬೆರಳು ಹಾಕಬೇಡ ಎಂದು ಅವಳಮ್ಮ ದಿನಾ ಬೆನ್ನು ಬಿದ್ದಳು. ಹುಡುಗಿ ಎಲ್ಲವನ್ನೂ ಬಿಟ್ಟಳು. ಆದರೂ ಕೆನ್ನೆಯಲ್ಲಿ, ದವಡೆಯ ಉದ್ದಕ್ಕೂ, ಬಾಯಿಯೇ ಇಲ್ಲದ ಗಟ್ಟಿ ಗಂಟುಗಳು ಎದ್ದವು. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಯಾವ ಮಗ್ಗುಲಿಗೆ ಮಲಗಿದರೂ ನಿದ್ದೆಯಿಲ್ಲ, ಬೆಳಗ್ಗೆ ಎದ್ದರೆ ದಿಂಬಿನ ಬಟ್ಟೆಯಲ್ಲಿ ರಕ್ತದ ಕಲೆ.

ಮೊದಲೆಲ್ಲ ಅಂಗಡಿಯ ಮುಂದೆ ಕೂತು ಗಿರಾಕಿಗಳ ಜೊತೆ ಹರಟುತ್ತಿದ್ದವಳನ್ನು ಅವನು ಮೆತ್ತಗೆ ಒಳಕೋಣೆಗೆ ಸಾಗಿಸಿದ. ಪ್ರಿಂಟ್ ಆದ ಫೋಟೋಗಳನ್ನು ಅಲ್ಲೇ ಕೂತು ಕತ್ತರಿಸುವುದು ಅವಳ ಕೆಲಸ. "ಅಲ್ಲಿ ಫ್ಯಾನ್ ಇದೆ ಪುಟ್ಟಿ, ತಂಪಾಗಿರುತ್ತೆ" ಎಂದ. ಫ್ಯಾನು ಮುಂಭಾಗದಲ್ಲೂ ಇತ್ತು.

ಚರ್ಮದ ಡಾಕ್ಟರು ಇದ್ದದ್ದು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಮೊದಲು ಆಸ್ಪತ್ರೆಯ ಫೋನಿಗೆ ಫೋಟೋ ಕಳಿಸಬೇಕು, ಯಾರದು ಜೋರಾಗಿದೆಯೋ ಅವರನ್ನು ಬೇಗ ಕರೆಸುತ್ತಾರೆ ಎಂದು ಮಗಳೇ ವಿಚಾರಿಸಿಕೊಂಡು ಬಂದಳು.

"ನೀನೇ ತೆಗೀಬೇಕು ಅಪ್ಪಾ. ನನ್ನ ಫೋನು ಕೇಳದೇ ಪೌಡರ್ ಹಚ್ಚಿಬಿಡುತ್ತೆ. ಇದ್ದದ್ದು ಇದ್ದಹಾಗೆ ಕಾಣಬೇಕಂತೆ."

ಬೂದು ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಳು. ಕೂದಲನ್ನು ಎತ್ತಿ ಕಟ್ಟಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದಳು. ದೀಪ ಮುಖಕ್ಕೆ ಬಿದ್ದಾಗ ಕಣ್ಣು ಮುಚ್ಚಲಿಲ್ಲ. ಆ ಹುಡುಗಿಗೆ ಅಷ್ಟು ಆಸೆಯಿತ್ತು.

ಅವನು ಫೋಟೋವನ್ನು ಕಂಪ್ಯೂಟರಿನ ಪರದೆಗೆ ಹಾಕಿ ದೊಡ್ಡದು ಮಾಡಿದ. ಇದನ್ನು ಹೇಗೆ ಕಳಿಸೋದು? ಆಸ್ಪತ್ರೆಯಲ್ಲಿ ಯಾರ್ಯಾರ ಕಣ್ಣಿಗೆ ಬೀಳುತ್ತೋ, ಯಾವ ನರ್ಸು ಯಾರಿಗೆ ತೋರಿಸಿ ನಗುತ್ತಾಳೋ. ಒಂದು ಚೂರು, ಒಂದೇ ಒಂದು ಚೂರು ತಿಳಿ ಮಾಡೋಣ ಅಂದುಕೊಂಡ. ಅವನ ಕೈ ಚೂರಿಗೆ ನಿಲ್ಲುವ ಕೈಯೇ ಅಲ್ಲ. ದವಡೆಯ ಗಂಟು ಹೋಯಿತು, ಕೆನ್ನೆಯ ಕೀವು ಹೋಯಿತು, ಕೆಂಪು ಹೋಯಿತು. ಹಣೆಯ ಮೇಲೆ ನಾಲ್ಕು ಗುಳ್ಳೆಗಳನ್ನು ಮಾತ್ರ ಉಳಿಸಿದ. ಡಾಕ್ಟರಿಗೆ ಏನಾದರೂ ಕಾಣಬೇಕಲ್ಲ! ಒರೆಸಿದ್ದನ್ನು ಮೂಲ ಫೋಟೋದ ಮೇಲೆಯೇ ಸೇವ್ ಮಾಡಿಬಿಡುವುದು ಅವನ ರೂಢಿ, ಹಳೆಯದು ಅಳಿಸಿಹೋಗುತ್ತಿತ್ತು. ಯಾವ ಗಿರಾಕಿ ವಾಪಸ್ಸು ಬಂದು ನನ್ನ ಕಲೆ ಕೊಡು ಅಂತ ಕೇಳುತ್ತಾನೆ? ಹಾಗೇ ಸೇವ್ ಮಾಡಿ, ಕಳಿಸಿ, ನಿರಾಳವಾಗಿ ಉಸಿರುಬಿಟ್ಟ.

ಡಾಕ್ಟರಮ್ಮನ ಉತ್ತರ ಬಂತು. ಇದು ಶುರುವಿನ ಹಂತ, ಗಾಬರಿ ಬೇಡ. ಎರಡು ಹೊತ್ತು ಮುಖ ತೊಳೆಯಿರಿ, ಮಲಗುವಾಗ ಈ ಕ್ರೀಮ್ ತೆಳ್ಳಗೆ ಹಚ್ಚಿ, ಚಿವುಟಬೇಡಿ, ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು. ಸದ್ಯಕ್ಕೆ ಬರುವ ಅಗತ್ಯವಿಲ್ಲ.

"ಇದು ಶುರುವಿನ ಹಂತಾನಾ?" ಎಂದು ಮಗಳು ಕನ್ನಡಿ ನೋಡಿಕೊಂಡು ಕೇಳಿದಳು.

"ಓದಿದವರು ಹೇಳಿದ್ಮೇಲೆ ಮುಗೀತು" ಎಂದ.

ಹುಡುಗಿ ವ್ರತದಹಾಗೆ ಹಚ್ಚಿದಳು. ಒಂದು ಗಂಟು ಇಳಿದರೆ ಪಕ್ಕದಲ್ಲಿ ಎರಡು ಏಳುತ್ತಿದ್ದವು, ಇಳಿದ ಜಾಗದಲ್ಲಿ ಚರ್ಮ ಒಳಕ್ಕೆ ಕುಸಿಯುತ್ತಿತ್ತು. "ಎಲ್ಲರಿಗೂ ನಾಟೋ ಔಷಧ ನಿನಗೆ ಯಾಕೆ ನಾಟಲ್ಲ? ಸರಿಯಾಗಿ ಹಚ್ಕೊಳ್ತಿಲ್ಲ ನೀನು" ಎಂದು ಅವಳಮ್ಮ ಬೈದಳು. ಹೌದೇನೋ ಎಂದು ಅವಳೂ ನಂಬಿದಳು. ತಿಂಗಳುಗಳಾದ ಮೇಲೆ ಆಸ್ಪತ್ರೆಯವರು ಮತ್ತೆ ಫೋಟೋ ಕೇಳಿದರು. ಈ ಸಲವಾದರೂ ಕೈ ಕಟ್ಟಿಕೊಳ್ಳಬೇಕು ಅಂದುಕೊಂಡೇ ಕೂತ. ಆದರೆ ಮೊದಲಿನದು ಅಷ್ಟು ತಿಳಿಯಾಗಿದ್ದು, ಈಗಿನದು ಇಷ್ಟು ಕೆಟ್ಟದಾಗಿದ್ದರೆ ಏನಂದುಕೊಳ್ಳುತ್ತಾರೆ? ಒರೆಸಿದ. 'ಬಹಳ ಸುಧಾರಿಸಿದೆ, ಮುಂದುವರಿಸಿ' ಎಂದು ಬಂತು. ಅದನ್ನು ಹೆಂಡತಿಗೆ ಓದಿ ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು, ನಾಚಿಕೆಗೆಟ್ಟವನು.

ಒಂದು ಬೆಳಗ್ಗೆ ಅವಳಿಗೆ ಬಾಯಿ ತೆರೆಯಲು ಆಗಲಿಲ್ಲ. ದವಡೆ ಊದಿ ಜ್ವರ ಬಂದಿತ್ತು. ಕರೆಯದಿದ್ದರೂ ಸರಿ ಎಂದು ಹೆಂಡತಿ ಅಪ್ಪ ಮಗಳನ್ನು ಬಸ್ಸು ಹತ್ತಿಸಿದಳು.

ಡಾಕ್ಟರಮ್ಮ ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ಕಂಪ್ಯೂಟರ್ ನೋಡಿದರು. ಮತ್ತೆ ಮುಖ ನೋಡಿದರು.

"ಇದು ಯಾರ ಫೋಟೋ?"

"ನನ್ದೇ" ಎಂದಳು ಮಗಳು. ಬಗ್ಗಿ ನೋಡಿದಳು. ಕಳಿಸಿದ ಫೋಟೋವನ್ನು ಅವಳು ನೋಡಿದ್ದು ಅದೇ ಮೊದಲು. ಅಪ್ಪನ ಕೈಗೆಲಸ ಅವಳಿಗೆ ಗೊತ್ತಾಗದಿದ್ದೀತೆ? ದಿನವಿಡೀ ಅದನ್ನೇ ಕತ್ತರಿಸುತ್ತಿದ್ದವಳು.

"ನೋಡಿ ಯಜಮಾನ್ರೇ, ಮೊಡವೆ ಅಂದ್ರೆ ಎಲ್ಲಾ ಒಂದೇ ಅಲ್ಲ" ಎಂದರು ಡಾಕ್ಟರಮ್ಮ. "ಕಪ್ಪು ಚುಕ್ಕೆ, ನಾಲ್ಕು ಗುಳ್ಳೆ ಇದ್ರೆ ಕ್ರೀಮ್ ಸಾಕು. ಮುಖದ ತುಂಬ ಕೀವು ಬಂದ್ರೆ ಜೊತೆಗೆ ಮಾತ್ರೆ ಬೇಕು. ಇದು ಎಲ್ಲಕ್ಕಿಂತ ಜೋರಿನದು, ಚರ್ಮದ ಆಳದಲ್ಲಿರೋ ಗಂಟು. ಇದಕ್ಕೆ ಬೇರೆಯೇ ಮಾತ್ರೆ, ರಕ್ತ ಪರೀಕ್ಷೆ ಮಾಡಿಸ್ತಾ ಕೊಡಬೇಕು. ತಡ ಮಾಡಿದಷ್ಟೂ ಗುಳಿ ಬೀಳುತ್ತೆ. ಮೊದಲ ಸಲ ಇದನ್ನ ನೋಡಿದ್ದಿದ್ರೆ ಮಾರನೇ ದಿನವೇ ಕರೆಸ್ತಿದ್ದೆ."

"ವಾಸಿಯಾಗುತ್ತಾ?" ಎಂದು ಕೇಳಿದ.

"ಗಂಟು ಹೋಗುತ್ತೆ. ಬಿದ್ದಿರೋ ಗುಳಿ ಪೂರ್ತಿ ತುಂಬಲ್ಲ. ಆಗಿನ ನಿಜವಾದ ಫೋಟೋ ಇದ್ರೆ ಕೊಡಿ, ಎಷ್ಟು ಹೆಚ್ಚಾಗಿದೆ ಅಂತ ಗೊತ್ತಾಗುತ್ತೆ."

"ಇಲ್ಲ" ಎಂದ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಿನ್ನ ಒಳ್ಳೇದಕ್ಕೇ ಮಾಡಿದೆ ಪುಟ್ಟಿ ಎನ್ನಬೇಕೆಂದುಕೊಂಡ. ಯಾರ ಒಳ್ಳೇದಕ್ಕೆ ಎಂದು ಅವಳು ಕೇಳಿಬಿಟ್ಟರೆ ಎಂದು ಹೆದರಿ ಬಸ್ಸಿನ ಟಿಕೆಟ್ಟನ್ನು ಮಡಿಸುತ್ತ ಕೂತ.

ಮಾತ್ರೆ ಕೆಲಸ ಮಾಡಿತು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು, ಅಷ್ಟೇ. ಗಂಟುಗಳು ಒಂದೊಂದಾಗಿ ಕರಗಿದವು. ಎರಡೂ ಕೆನ್ನೆಗಳಲ್ಲಿ ಗುಳಿಗಳು ಉಳಿದವು, ಹಸಿ ಸಿಮೆಂಟಿನ ಮೇಲೆ ಹನಿ ಬಿದ್ದಹಾಗೆ. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಬೇರೆ ಸ್ಟುಡಿಯೋಗೆ ಹೋಗುತ್ತಾಳೆ ಎಂದುಕೊಂಡಿದ್ದ. ಅವಳು ನೇರ ಬಂದು ಅದೇ ಸ್ಟೂಲಿನ ಮೇಲೆ ಕೂತಳು.

ಅವನು ತೆಗೆದ. ಪರದೆಗೆ ಹಾಕಿದ. ಅವಳು ಹಿಂದಿನಿಂದ ಬಂದು ಮೌಸಿನ ವಯರನ್ನು ಕಿತ್ತು, ಮೌಸನ್ನು ತನ್ನ ಚೀಲದೊಳಕ್ಕೆ ಹಾಕಿಕೊಂಡಳು.

"ಈಗ ನೋಡಪ್ಪಾ."

ಕೈಗೆ ಕೆಲಸವಿಲ್ಲದೆ ಒಂದು ಮುಖವನ್ನು ನೋಡಿ ಅವನಿಗೆ ಅಭ್ಯಾಸವಿರಲಿಲ್ಲ. ಬೆರಳುಗಳು ಬರಿ ಮೇಜಿನ ಮೇಲೆ ಆಡಿದವು. ನೋಡಿದ. ಪ್ರತಿ ಗುಳಿಯನ್ನೂ ನೋಡಿದ.

"ಇದು ಯಾರು ಹೇಳು."

"ನನ್ನ ಮಗಳು."

"ಮತ್ತೆ ಅವತ್ತು ಕಳಿಸಿದ್ಯಲ್ಲ, ಅದು ಯಾರು?"

ಅವನ ಕಣ್ಣು ತುಂಬಿ ಪರದೆ ಮಸುಕಾಯಿತು, ಮಗಳ ಕೆನ್ನೆ ನುಣ್ಣಗೆ ಕಾಣತೊಡಗಿತು. ಅವನು ಅಂಗಿಯ ತೋಳನ್ನು ಕಣ್ಣಿನ ಹತ್ತಿರ ತಂದ.

"ಒರೆಸ್ಬೇಡ" ಎಂದಳು ಮಗಳು.